ಪ್ರಯೋಗದ ವರದಿ: ವಿದ್ಯಾರ್ಥಿಗಳಿಗೊಂದು ಪಾಠ

ನಾಡಿನಿಂದ ದೂರವಿರುವ ಈ ಮಹಾನಗರದಲ್ಲಿ ನಮ್ಮ ಮಕ್ಕಳು ವಿಜ್ಞಾನವನ್ನು ಓದುತ್ತಿದ್ದಾರೆ. ಕರ್ನಾಟಕದಲ್ಲಿ ‘ರೆಕಾರ್ಡ್’ ಎನ್ನುವ ಪುಸ್ತಕವನ್ನು ಇಲ್ಲಿನ ಕಾಲೇಜುಗಳು ‘ಜರ್ನಲ್’ ಎನ್ನುತ್ತವೆ. ಹೆಸರು ಯಾವುದಾದರೂ ಅದರ ಧರ್ಮ ಒಂದೇ: ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಕಂಡಂತೆ ತಿಳಿಸುವುದು. ಆದರೆ ಎಷ್ಟೋ ಮನೆಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಕಳೆದ ವರ್ಷದ ಜರ್ನಲೊಂದನ್ನು ತೆರೆದಿಟ್ಟು ನಕಲು ಮಾಡುವ ದೃಶ್ಯ ತಂದೆತಾಯಿಗಳಿಗೆ ಅಪರಿಚಿತವೇನಲ್ಲ. ಆದ್ದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ಉಚಿತವೆಂದು ಭಾವಿಸುತ್ತೇನೆ.

ಒಂದು ಉದಾಹರಣೆ

ಎಲ್ಲರಿಗೂ ಪರಿಚಿತವಾದ ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳೋಣ. ದಾರಕ್ಕೆ ಲೋಹದ ಗುಂಡನ್ನು ಕಟ್ಟಿ ತೂಗಿಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಅದರಿಂದ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವುದು ಇದರ ಉದ್ದೇಶ. ವರದಿಯ ಮೊದಲಲ್ಲಿ ಈ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಅನಂತರ ಉಪಕರಣಗಳ ಪಟ್ಟಿ. ‘ಗಡಿಯಾರ’ ಎಂದಷ್ಟೇ ಬರೆದರೆ ಸಾಲದು. ‘ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ತೋರಿಸುವ ಸ್ಟಾಪ್ ವಾಚ್’ ಎಂದು ಬರೆಯಬೇಕು. ಅಳತೆ ಎಷ್ಟು ಸೂಕ್ಷ್ಮವಾದುದೆಂಬುದು ಓದುವವನಿಗೆ ಆಗ ತಿಳಿಯುತ್ತದೆ.

ವಿಧಾನ

‘ದಾರವನ್ನು ಕಟ್ಟಿರಿ, ಗುಂಡನ್ನು ಎಳೆಯಿರಿ’ ಎಂಬುದು ಪಠ್ಯಪುಸ್ತಕದ ಭಾಷೆ. ವರದಿ ಆದೇಶವಲ್ಲ, ನಡೆದ ಸಂಗತಿಯ ನಿರೂಪಣೆ. ಆದುದರಿಂದ ‘ಗುಂಡನ್ನು ಸುಮಾರು ಐದು ಡಿಗ್ರಿಗಳಷ್ಟು ಪಕ್ಕಕ್ಕೆ ಸರಿಸಿ ಬಿಡಲಾಯಿತು’ ಎಂದು ಭೂತಕಾಲದಲ್ಲಿ ಬರೆಯುವುದು ಲೇಸು. ಮಾಡಿದ್ದಕ್ಕೆ ಕಾರಣವನ್ನೂ ಹೇಳಬೇಕು. ಒಂದೇ ಆಂದೋಲನವನ್ನು ಬಿಟ್ಟು ಇಪ್ಪತ್ತನ್ನು ಏಕೆ ಎಣಿಸಿದೆವು? ಗುಂಡಿಯನ್ನು ಒತ್ತುವ ಬೆರಳು ಹೆಚ್ಚುಕಡಿಮೆ 0.2 ಸೆಕೆಂಡು ತಪ್ಪಬಹುದು. ಎರಡು ಸೆಕೆಂಡಿನ ಒಂದು ಆಂದೋಲನದಲ್ಲಿ ಇದು ಶೇಕಡಾ 10ರ ದೋಷ. ನಲವತ್ತು ಸೆಕೆಂಡಿನಲ್ಲಾದರೆ ಶೇಕಡಾ ಅರ್ಧ ಮಾತ್ರ. ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಉತ್ತರದಲ್ಲಿ ಈ ದೋಷ ಇಮ್ಮಡಿಯಾಗುತ್ತದೆ. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಬೇಕು. ಗಡಿಯಾರ ಹೊರಟಾಗಲೇ ‘ಒಂದು’ ಎಂದವನು ಹತ್ತೊಂಬತ್ತನ್ನೇ ಇಪ್ಪತ್ತೆಂದು ತಿಳಿಯುತ್ತಾನೆ.

ವೀಕ್ಷಣೆ ಮತ್ತು ಗಣನೆ

ಅಳತೆಗಳನ್ನು ಕೋಷ್ಟಕದಲ್ಲಿ ಬರೆಯಬೇಕು. ಪ್ರತಿ ಅಂಕಣದ ತಲೆಯಲ್ಲಿ ಮಾನವಿರಬೇಕು. ಅಳತೆಯನ್ನು ಮೂರು ಸಲ ಮಾಡಿ ಮೂರನ್ನೂ ಬರೆದು, ಆಮೇಲೆ ಸರಾಸರಿಯನ್ನು ತೆಗೆಯಬೇಕು. ತಪ್ಪಾದ ಅಂಕಿಯನ್ನು ಉಜ್ಜಿ ಅಳಿಸಕೂಡದು; ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು. ಗಣಕಯಂತ್ರ 9.7718856 ಎಂದು ತೋರಿಸಿತೆಂದು ಅಷ್ಟನ್ನೂ ಬರೆಯುವುದು ಹುಸಿ ಪಾಂಡಿತ್ಯ. ನಮ್ಮ ದಾರ ಮತ್ತು ಗಡಿಯಾರಗಳಿಗೆ ಅಷ್ಟು ನಿಖರತೆ ಎಲ್ಲಿಯದು? 9.77 ಎಂದರೇ ಧಾರಾಳವಾಯಿತು.

ಚರ್ಚೆ

ವರದಿಯ ಪ್ರಾಣವಿರುವುದು ಇಲ್ಲಿ. ಈ ಪಾಠವನ್ನು ನಾನು ಕಲಿತದ್ದು ನಾಚಿಕೆಯ ಮೂಲಕ. ನಾನು ವಿದ್ಯಾರ್ಥಿಯಾಗಿದ್ದಾಗ ದಾರದ ಉದ್ದ 100 ಸೆಂಟಿಮೀಟರು. ಮೂರು ಸಲ ಅಳೆದರೂ ಕಾಲ 40.4 ಸೆಕೆಂಡೇ ಬಂದಿತು. ಲೆಕ್ಕ ಮಾಡಿದರೆ ಉತ್ತರ 9.68. ಪುಸ್ತಕದಲ್ಲಿದ್ದುದು 9.8. ಹೆದರಿ 40.4ನ್ನು 40.1 ಎಂದು ತಿದ್ದಿದೆ, ಉತ್ತರ 9.82 ಆಯಿತು. ನಿಶ್ಚಿಂತೆಯಿಂದ ಜರ್ನಲನ್ನು ಒಪ್ಪಿಸಿದೆ. ಅಧ್ಯಾಪಕರು ಕಚ್ಚಾ ಹಾಳೆಯನ್ನು ಕೇಳಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಗದರಿಸದೆ, ‘ಗುಂಡಿನ ವ್ಯಾಸ ಎಷ್ಟಪ್ಪಾ?’ ಎಂದರು. ‘ಎರಡು ಸೆಂಟಿಮೀಟರು, ಸರ್.’ ಆಗ ಹೊಳೆಯಿತು. ಲೋಲಕದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಬೇಕು. ನಾನು ಅದರ ನೆತ್ತಿಯವರೆಗೆ ಮಾತ್ರ ಅಳೆದಿದ್ದೆ. 101 ಸೆಂಟಿಮೀಟರು ಎಂದಿಟ್ಟರೆ ನನ್ನ 40.4 ಸೆಕೆಂಡಿಗೇ ಉತ್ತರ 9.77. ಗಡಿಯಾರ ಸುಳ್ಳು ಹೇಳಿರಲಿಲ್ಲ, ಹೇಳಿದವನು ನಾನು. ‘9.68 ಎಂದೇ ಬರೆದು ಕಾರಣ ಹುಡುಕಿದ್ದರೆ ನೀನೇ ಇದನ್ನು ಕಂಡುಕೊಳ್ಳುತ್ತಿದ್ದೆ’ ಎಂದರು ಗುರುಗಳು. ಆ ಮಾತು ಇಂದಿಗೂ ಮನಸ್ಸಿನಲ್ಲಿದೆ.

ಪುಸ್ತಕದ 9.8 ಕೂಡ ಎಲ್ಲ ಊರಿಗೂ ಒಂದೇ ಸಮನಾದ ಅಂಕಿಯಲ್ಲ. ಮುಂಬಯಿಯಲ್ಲಿ ಅದು ಸುಮಾರು 9.79, ಸಮುದ್ರಮಟ್ಟಕ್ಕಿಂತ 900 ಮೀಟರುಗಳಷ್ಟು ಎತ್ತರದಲ್ಲಿರುವ, ಭೂಮಧ್ಯರೇಖೆಗೆ ಇನ್ನೂ ಸಮೀಪದ ಬೆಂಗಳೂರಿನಲ್ಲಿ ಸುಮಾರು 9.78. ಉತ್ತರ ಬೇರೆಯಾದರೆ ‘ಗಾಳಿಯ ತಡೆ, ಮಾನವ ದೋಷ’ ಎಂದು ಬಾಯಿಪಾಠ ಒಪ್ಪಿಸಿದರೆ ಸಾಲದು. ಯಾವ ದೋಷ, ಅದು ಉತ್ತರವನ್ನು ಹಿಗ್ಗಿಸುವುದೋ ಕುಗ್ಗಿಸುವುದೋ, ಎಷ್ಟು ಎಂಬುದನ್ನು ವಿವರಿಸಬೇಕು.

ಆರೋಗ್ಯಕ್ಕೂ ಇದಕ್ಕೂ ಸಂಬಂಧವೇನು?

ಸಂಬಂಧ ನಿಕಟವಾದುದು. ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. 1846ರಲ್ಲಿ ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ ಸುಮಾರು 11 ಮಂದಿ ತಾಯಂದಿರು ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ಮೂವರಿಗಿಂತ ಕಡಿಮೆ. ಸೆಮ್ಮೆಲ್‌ವೈಸ್ ಎಂಬ ವೈದ್ಯರು ಈ ದಾಖಲೆಗಳನ್ನು ಹೋಲಿಸಿ, ಶವಪರೀಕ್ಷೆ ಮಾಡಿದ ಕೈಗಳಿಂದಲೇ ರೋಗ ಬರುತ್ತಿದೆಯೆಂದು ತರ್ಕಿಸಿ, 1847ರಲ್ಲಿ ಕ್ಲೋರಿನ್ ದ್ರಾವಣದಿಂದ ಕೈ ತೊಳೆಯುವ ನಿಯಮವನ್ನು ತಂದರು. 1848ರಲ್ಲಿ ಮರಣ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ಎನ್ನುವಷ್ಟಕ್ಕೆ ಇಳಿಯಿತು. ಸತ್ಯವಾದ ಅಂಕಿಗಳು ತಾಯಂದಿರ ಪ್ರಾಣವನ್ನು ಉಳಿಸಿದುವು. ಆದರೆ ಅವರು ತಮ್ಮ ವಿವರವಾದ ಗ್ರಂಥವನ್ನು ಪ್ರಕಟಿಸಿದ್ದು 1861ರಲ್ಲಿ. ಸಕಾಲದಲ್ಲಿ ಸ್ಪಷ್ಟವಾಗಿ ಬರೆಯುವುದೂ ಪ್ರಯೋಗದ ಒಂದು ಅಂಗವೆಂಬುದಕ್ಕೆ ಇದು ನಿದರ್ಶನ.

ಇಂದು ಲೋಲಕದ ಅಂಕಿಯನ್ನು ತಿದ್ದುವ ಕೈ ನಾಳೆ ರೋಗಿಯೊಬ್ಬನ ರಕ್ತಪರೀಕ್ಷೆಯ ವರದಿಯನ್ನು ಬರೆಯಬಹುದು. ಆಗ ಅಲ್ಲಿ ಕಚ್ಚಾ ಹಾಳೆಯನ್ನು ಕೇಳುವ ಗುರುಗಳಿರುವುದಿಲ್ಲ. ತಂದೆತಾಯಿಗಳು ಮಕ್ಕಳನ್ನು ‘ಎಷ್ಟು ಅಂಕ ಬಂತು?’ ಎಂದು ಕೇಳುವುದರೊಡನೆ ‘ನಿನಗೆ ಬಂದ ಉತ್ತರ ಯಾವುದು? ಅದು ಏಕೆ ಹಾಗೆ ಬಂತು?’ ಎಂದೂ ಕೇಳಲಿ. ವಿದ್ಯಾರ್ಥಿಗಳು ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯವನ್ನು ಬೆಳೆಸಿಕೊಳ್ಳಲಿ ಎಂದು ಹಾರೈಸುತ್ತೇನೆ.