ಗರ್ಭಿಣಿಯ ಗೊರಕೆ

ಗೊರಕೆ ಹೊಡೆಯುವವರು ಸುಖವಾಗಿ ನಿದ್ರಿಸುತ್ತಿದ್ದಾರೆಂದೇ ನಮ್ಮಲ್ಲಿ ಬಹುಮಂದಿಯ ಎಣಿಕೆ. ಮನೆಯ ಗರ್ಭಿಣಿ ಗೊರಕೆ ಹೊಡೆದರಂತೂ, ‘ಪಾಪ, ದಣಿದಿದ್ದಾಳೆ, ಮಲಗಲಿ’ ಎಂದು ಹಿರಿಯರು ಬಾಗಿಲನ್ನು ಮೆಲ್ಲನೆ ಎಳೆದುಕೊಳ್ಳುತ್ತಾರೆ. ಅವರ ಅಕ್ಕರೆಯಲ್ಲಿ ತಪ್ಪಿಲ್ಲ, ಎಣಿಕೆಯಲ್ಲಿ ತಪ್ಪಿರಬಹುದು. ಗೊರಕೆಯು ನಿದ್ರೆಯ ಆಳವನ್ನು ಸಾರುವ ಸದ್ದಲ್ಲ, ಗಾಳಿಯ ದಾರಿ ಕಿರಿದಾಗಿದೆಯೆಂದು ಸಾರುವ ಸದ್ದು. ಆ ದಾರಿಗೂ ಗರ್ಭಿಣಿಯ ಹೃದಯಕ್ಕೂ ಇರುವ ನಂಟನ್ನು ಕೊಂಚ ವಿಚಾರಿಸೋಣ.

ಎಚ್ಚರವಾಗಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ಹಾದಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆ ಹತ್ತಿದೊಡನೆ ಅವು ಸಡಿಲಗೊಂಡು, ನಾಲಗೆಯ ಬುಡವೂ ಕಿರುನಾಲಗೆಯ ಸುತ್ತಲಿನ ಮೆತ್ತನೆಯ ಭಾಗವೂ ಹಿಂದಕ್ಕೆ ಜಾರುತ್ತವೆ. ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿ ಇವನ್ನು ಅದುರಿಸಿದಾಗ ಹುಟ್ಟುವುದೇ ಗೊರಕೆ. ಕೆಲವರಲ್ಲಿ ದಾರಿಯು ಪೂರ್ತಿ ಮುಚ್ಚಿಹೋಗುವುದೂ ಉಂಟು. ಆಗ ಗೊರಕೆ ತಟ್ಟನೆ ನಿಲ್ಲುತ್ತದೆ. ಎದೆ ಹೆಣಗುತ್ತದೆ, ಗಾಳಿ ಮಾತ್ರ ಒಳಗೆ ಹೋಗದು. ಸ್ವಲ್ಪ ಹೊತ್ತಿನಲ್ಲಿ ಮಿದುಳು ಅರೆ ಎಚ್ಚರವನ್ನು ತಂದುಕೊಡುತ್ತದೆ. ದೊಡ್ಡ ಏದುಸಿರಿನೊಡನೆ ಉಸಿರು ಮರಳುತ್ತದೆ. ಹೀಗೆ 10 ಸೆಕೆಂಡಾದರೂ ಉಸಿರು ನಿಂತರೆ ವೈದ್ಯರು ಅದನ್ನು ‘ಆಪ್ನಿಯ’ ಎನ್ನುತ್ತಾರೆ; ನಾವು ಉಸಿರುತಡೆ ಎನ್ನೋಣ. ಪೂರ್ತಿಯಾಗಿಯೋ ಅರೆಯಾಗಿಯೋ ಗಂಟೆಗೆ 5 ಸಲ ಅಥವಾ ಅದಕ್ಕೂ ಹೆಚ್ಚು ಸಲ ತಡೆಯುಂಟಾದರೆ ಅದು ವಿಚಾರಿಸಬೇಕಾದ ಸಂಗತಿ. ಬೆಳಗಾದ ಮೇಲೆ ಮಲಗಿದ್ದವಳಿಗೆ ಇದಾವುದೂ ನೆನಪಿರುವುದಿಲ್ಲ.

ಬಸಿರಿನಲ್ಲಿ ಈ ದಾರಿ ಮೊದಲೇ ಇಕ್ಕಟ್ಟು. ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಪ್ರಭಾವದಿಂದ ಮೂಗಿನ ಒಳಪೊರೆ ಊದಿಕೊಂಡಿರುತ್ತದೆ, ತೂಕವೂ ಏರಿರುತ್ತದೆ. ಬೆಳೆಯುವ ಗರ್ಭಕೋಶವು ವಪೆಯನ್ನು ಸುಮಾರು 4 ಸೆಂಟಿಮೀಟರಿನಷ್ಟು ಮೇಲಕ್ಕೆ ಒತ್ತುವುದರಿಂದ, ಉಸಿರು ಬಿಟ್ಟ ಬಳಿಕ ಶ್ವಾಸಕೋಶದಲ್ಲಿ ಮೀಸಲಾಗಿ ಉಳಿಯುವ ಗಾಳಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಅದೇ ಕಾಲಕ್ಕೆ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಅಷ್ಟೇ ಪಾಲು ಏರಿರುತ್ತದೆ. ಬಾವಿಯ ನೀರನ್ನು ಸೇದಿ ತುಂಬುವ ಮನೆಯಲ್ಲಿ ಹಂಡೆ ಚಿಕ್ಕದಾಗಿ ಖರ್ಚು ದೊಡ್ಡದಾದರೆ, ಹಗ್ಗ ಹರಿದ ದಿನ ಏನಾದೀತೆಂದು ಊಹಿಸಿಕೊಳ್ಳಿರಿ. ಉಸಿರು ನಿಂತ ಕೆಲವೇ ಕ್ಷಣಗಳಲ್ಲಿ ಗರ್ಭಿಣಿಯ ರಕ್ತದ ಆಮ್ಲಜನಕ ಉಳಿದವರದಕ್ಕಿಂತ ಬೇಗ ಇಳಿಯುವುದು ಇದೇ ಕಾರಣದಿಂದ. ಪ್ರಕೃತಿಯು ಪ್ರೊಜೆಸ್ಟೆರೋನ್ ಎಂಬ ಇನ್ನೊಂದು ಹಾರ್ಮೋನಿನಿಂದ ಉಸಿರಾಟವನ್ನು ಚುರುಕುಗೊಳಿಸಿ ತಕ್ಕಮಟ್ಟಿಗೆ ರಕ್ಷಣೆಯನ್ನೂ ಒದಗಿಸಿದೆಯೆನ್ನಿ.

ಇನ್ನು ಹೃದಯದ ಮಾತು. ಬಸಿರಿನಲ್ಲಿ ರಕ್ತದ ಮೊತ್ತ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೂಡುತ್ತಿದ್ದ ಹೃದಯ ಆರೂವರೆ, ಏಳು ಲೀಟರು ದೂಡಬೇಕಾಗುತ್ತದೆ. ಇಷ್ಟು ದುಡಿಯುವ ಹೃದಯಕ್ಕೆ ಬಿಡುವು ದೊರೆಯುವುದು ಇರುಳಿನಲ್ಲಿ. ಆರೋಗ್ಯವಂತರಲ್ಲಿ ರಕ್ತದೊತ್ತಡ ನಿದ್ರೆಯ ವೇಳೆ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ಉಸಿರುತಡೆಯು ಈ ಬಿಡುವನ್ನೇ ಕಸಿದುಕೊಳ್ಳುತ್ತದೆ. ಮುಚ್ಚಿದ ಗಂಟಲಿನೆದುರು ಎದೆ ಸೆಳೆಯುವಾಗ ಎದೆಗೂಡಿನೊಳಗಿನ ಒತ್ತಡ ಕುಸಿದು, ಹೃದಯವು ಆ ಸೆಳೆತದ ವಿರುದ್ಧವಾಗಿ ರಕ್ತವನ್ನು ಹೊರದೂಡಬೇಕಾಗುತ್ತದೆ. ಆಮ್ಲಜನಕ ಇಳಿದೊಡನೆ ನರಗಳು ಅಪಾಯದ ಸೂಚನೆ ಕೊಡುತ್ತವೆ. ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಜಿಗಿಯುತ್ತದೆ. ರಾತ್ರಿಯಿಡೀ ಇದು ಮರುಕಳಿಸಿದರೆ ನಾಳಗಳ ನವಿರಾದ ಒಳಪದರಕ್ಕೆ ಧಕ್ಕೆ ತಗಲುತ್ತದೆ.

‘ಗರ್ಭನಂಜು’ ಎಂದು ನಮ್ಮವರು ಹೆಸರಿಟ್ಟ ರೋಗವೂ ಇದೇ ಒಳಪದರವನ್ನು ಕೆಡಿಸುವಂಥದು. (ನಂಜೆಂದರೂ ಅದರಲ್ಲಿ ಯಾವ ವಿಷವನ್ನೂ ಯಾರೂ ಕಂಡುಹಿಡಿದಿಲ್ಲ, ಹೆಸರು ಮಾತ್ರ ಉಳಿದಿದೆ.) 20 ವಾರಗಳ ಬಳಿಕ ರಕ್ತದೊತ್ತಡ 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುವುದು ಇದರ ಪರಿಚಿತ ಲಕ್ಷಣ. ಒಮ್ಮೆ ಈ ರೋಗ ಬಂದುಹೋದವರಿಗೆ ಮುಂದಿನ ವಯಸ್ಸಿನಲ್ಲಿ ಹೃದ್ರೋಗದ ಸಂಭವ ಸುಮಾರು ಇಮ್ಮಡಿ. ಅಮೆರಿಕದಲ್ಲಿ ಚೊಚ್ಚಲ ಗರ್ಭಿಣಿಯರು ಮೂರು ಸಾವಿರಕ್ಕೂ ಮಿಕ್ಕಿ ಪಾಲ್ಗೊಂಡ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಿದ್ರೆಯ ಉಸಿರಾಟದ ತೊಂದರೆ ಆರಂಭದ ತಿಂಗಳುಗಳಲ್ಲಿ ಶೇಕಡಾ 3.6 ಮಂದಿಯಲ್ಲಿಯೂ ನಡುಗಾಲದಲ್ಲಿ ಶೇಕಡಾ 8.3 ಮಂದಿಯಲ್ಲಿಯೂ ಕಂಡುಬಂತು. ಅಂಥವರಲ್ಲಿ ಗರ್ಭನಂಜಿನ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಎರಡು ಸಂಗತಿಗಳು ಜೊತೆಗೆ ಕಾಣುವುದು ಬೇರೆ, ಒಂದು ಇನ್ನೊಂದಕ್ಕೆ ಕಾರಣವಾಗುವುದು ಬೇರೆ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಮರೆಯಲಾಗದು.

ಆದುದರಿಂದ ವೈದ್ಯರಿಗೆ ಮುಖ್ಯವಾದ ಪ್ರಶ್ನೆ, ‘ಗೊರಕೆ ಇದೆಯೇ?’ ಎಂಬುದಷ್ಟೇ ಅಲ್ಲ, ‘ಬಸಿರಾದ ಮೇಲೆ ಹೊಸದಾಗಿ ಬಂತೇ, ಹೆಚ್ಚಿತೇ?’ ಎಂಬುದು. ನಮ್ಮ ತುಳುನಾಡಿನಲ್ಲಿ ಇದಕ್ಕೆ ಉತ್ತರ ದೊರೆಯುವುದು ಸುಲಭವಲ್ಲ. ಕಾಪುವಿನ ಹುಡುಗಿಯೊಬ್ಬಳು ಕಾರ್ಕಳದ ಮನೆಗೆ ಸೊಸೆಯಾಗಿ ಹೋದಳೆನ್ನಿ. ಏಳನೆಯ ತಿಂಗಳಲ್ಲಿ ಬಯಕೆಯ ಶಾಸ್ತ್ರ ಮುಗಿಸಿ ಅವಳನ್ನು ಚೊಚ್ಚಲ ಹೆರಿಗೆಗಾಗಿ ತವರಿಗೆ ಕರೆತರುತ್ತಾರೆ. ಮೊದಲ ತಿಂಗಳುಗಳ ನಿದ್ರೆಯನ್ನು ಕಂಡವನು ಕಾರ್ಕಳದ ಗಂಡ. ಕೊನೆಯ ತಿಂಗಳುಗಳ ಗೊರಕೆಯನ್ನು ಕೇಳುವವಳು ಕಾಪುವಿನ ತಾಯಿ. ಹಿಂದೆ ಹೇಗಿತ್ತೆಂದು ಇವಳಿಗೆ ತಿಳಿಯದು, ಈಗ ಹೇಗಿದೆಯೆಂದು ಅವನಿಗೆ ತಿಳಿಯದು. ‘ತಾಯಿ ಕಾರ್ಡಿ’ನಲ್ಲಿ ತೂಕ, ರಕ್ತದೊತ್ತಡಗಳು ಅವಳೊಂದಿಗೆ ಊರಿಂದೂರಿಗೆ ಪಯಣಿಸುತ್ತವೆ, ನಿದ್ರೆಯ ಸಮಾಚಾರವನ್ನು ಮಾತ್ರ ಗಂಡನೇ ಅತ್ತೆಗೆ ಬಾಯಲ್ಲಿ ಹೇಳಿ ಕಳಿಸಬೇಕು. ಅಳಿಯನು ಅತ್ತೆಯೊಡನೆ ಮಗಳ ಗೊರಕೆಯ ಮಾತೆತ್ತುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ!

ಹೊಸ ಗೊರಕೆ, ಉಸಿರು ನಿಂತು ನಿಂತು ಬರುವುದು, ಬೆಳಗಿನ ತಲೆನೋವು, ಏರಿದ ರಕ್ತದೊತ್ತಡ ಇವು ಒಟ್ಟಿಗೆ ಕಂಡರೆ ಮುಂದಿನ ತಪಾಸಣೆಯ ದಿನದವರೆಗೆ ಕಾಯಲಾಗದು. ತೀವ್ರ ತಲೆನೋವಿನೊಡನೆ ಕಣ್ಣು ಮಂಜಾದರೆ, ಮುಖ ಊದಿದರೆ ಆ ಕ್ಷಣವೇ ಹೊರಡಬೇಕು. ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ, ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ, ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇರುವ ಈ ಸೀಮೆಗೆ ಆಸ್ಪತ್ರೆ ದೂರವಲ್ಲ.

ನಿದ್ರೆಯ ಪರೀಕ್ಷೆಯೆಂದರೆ ಬೆರಳಿಗೊಂದು ಚಿಮಟ, ಮೂಗಿಗೊಂದು ಕೊಳವೆ, ಎದೆಗೊಂದು ಪಟ್ಟಿ ಕಟ್ಟಿ ಇರುಳಿಡೀ ಅಳೆಯುವುದು. ಗರ್ಭಿಣಿಗೆ ಇದರಿಂದ ಕೇಡಿಲ್ಲ. ರೋಗ ಖಚಿತವಾದರೆ ಮುಖಕ್ಕೆ ಮುಸುಕು ತೊಡಿಸಿ, ಹದವಾದ ಒತ್ತಡದ ಗಾಳಿಯಿಂದ ಗಂಟಲನ್ನು ತೆರೆದಿಡುವ ಯಂತ್ರವುಂಟು. ಆಸ್ಟ್ರೇಲಿಯದ ಕಾಲಿನ್ ಸಲಿವನ್ನರು 1981ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯವಿದು. ಮಳೆಗಾಲದಲ್ಲಿ ವಿದ್ಯುತ್ತು ಕೈಕೊಡುವ ಹಳ್ಳಿಗಳಲ್ಲಿ ಅದನ್ನು ನಡೆಸುವುದು ಸಣ್ಣ ತೊಂದರೆಯೇನಲ್ಲ. ಪಕ್ಕಕ್ಕೆ ಹೊರಳಿ ಮಲಗಲು ವಿದ್ಯುತ್ತು ಬೇಡ: ನಾಲಗೆ ಹಿಂದಕ್ಕೆ ಜಾರುವುದು ತಗ್ಗುತ್ತದೆ, ಗರ್ಭದ ಭಾರವು ಹೃದಯಕ್ಕೆ ರಕ್ತವನ್ನು ಮರಳಿಸುವ ದೊಡ್ಡ ಸಿರೆಯ ಮೇಲೆ ಬೀಳುವುದೂ ತಪ್ಪುತ್ತದೆ.

ಹೆರಿಗೆಯಾದ ಮೇಲೆ ಹಲವರಲ್ಲಿ ಗೊರಕೆ ತಾನಾಗಿಯೇ ಇಳಿಯುತ್ತದೆ. ಬಾಣಂತನ ಮುಗಿದು ಗಂಡನ ಮನೆಗೆ ಮರಳಿದ ಮೇಲೂ ಅದು ಉಳಿದರೆ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುತ್ತಾರೆ.