ಕಲ್ಲಿನೊಳಗಿನ ಸೂಜಿ



ಕಳೆದ ಬೇಸಿಗೆಯಲ್ಲಿ ಅಕ್ಕಲಕೋಟ ಕಡೆಯ ಒಂದು ಹಳ್ಳಿಯಲ್ಲಿ ಬಾವಿ ತೋಡುತ್ತಿದ್ದರು. ನಮ್ಮ ಒಂಬತ್ತನೇ ವರ್ಗದ ಹುಡುಗನೊಬ್ಬ ಅಲ್ಲಿಂದ ಒಂದು ಕರಿಕಲ್ಲಿನ ಚೂರು ತಂದ. ಒಡೆದ ಕಲ್ಲಿನ ನಡುವೆ ನಿಂಬೆಹಣ್ಣಿನಷ್ಟು ಪೊಳ್ಳು. ಅದರ ತುಂಬ ಬಿಳಿ ಎಳೆಗಳು ಬೀಸಣಿಗೆಯಂತೆ ಹರಡಿದ್ದವು. "ಸರ್, ಕಲ್ಲಾಗ ಹತ್ತಿ ಹೆಂಗ ಬಂತ್ರಿ?" ಅಂತ ಕೇಳಿದ. ಮುಟ್ಟಿದರೆ ಬೆರಳಿಗೆ ಚುಚ್ಚಿತು. ಹತ್ತಿ ಚುಚ್ಚೋದಿಲ್ಲವಲ್ಲ!

ನಾನು ಹಲಗೆ ಮೇಲೆ 'ಅಸಿಕ್ಯುಲರ್' ಅಂತ ಬರೆದೆ. ಬರೆದ ಮೇಲೆ ನನಗೇ ನಾಚಿಕೆ ಆಯ್ತು. ಬಿಎಸ್ಸಿಯಲ್ಲಿ ಈ ಶಬ್ದ ಬರೆದು ಮಾರ್ಕು ತಗೊಂಡಿದ್ದೆ, ಅರ್ಥ ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನೀವು ಹತ್ತನೇ ತನಕ ಬಾಲಭಾರತಿಯ ಕನ್ನಡ ಪುಸ್ತಕ ಓದಿ, ಹನ್ನೊಂದನೇ ಸೈನ್ಸ್‌ಗೆ ಹೋದಕೂಡಲೇ ಇಂಥ ಶಬ್ದಗಳ ರಾಶಿ ಮೈಮೇಲೆ ಬೀಳುತ್ತದೆ. ಜಾಣ ಮಕ್ಕಳೂ ಅಲ್ಲೇ ಹೆದರಿ ಸೈನ್ಸ್ ಬಿಟ್ಟದ್ದನ್ನು ನೋಡೀನಿ. ಇಂಗ್ಲಿಷ್ ಶಾಲೆಯವರಿಗೆ ಇವು ಮನೆಮಾತು ಅಂತ ತಿಳೀಬ್ಯಾಡ್ರಿ. ಇವು ಹುಟ್ಟಿದ್ದು ಇಂಗ್ಲಿಷಿನಲ್ಲಲ್ಲ, ಅವರಿಗೂ ಹೊಸವೇ.

ಲ್ಯಾಟಿನ್‌ನಲ್ಲಿ 'ಆಕುಸ್' ಅಂದರೆ ಸೂಜಿ, 'ಅಕಿಕುಲ' ಅಂದರೆ ಸಣ್ಣ ಸೂಜಿ. ಚೀಲ ಹೊಲಿಯೋ ದಬ್ಬಣ ಅಲ್ಲ, ಅಜ್ಜಿ ಕೌದಿ ಹೊಲಿಯೋ ಸೂಜಿ ಅನ್ನಿರಿ. ಅದರಿಂದ ಬಂದದ್ದು ಅಸಿಕ್ಯುಲರ್, ಸೂಜಿಯಾಕಾರದ್ದು. ಅಕ್ಯುಪಂಕ್ಚರ್‌ನಲ್ಲೂ ಅದೇ ಆಕುಸ್ ಇದೆ. ಮುಂದಿನ ಪಂಕ್ಚರ್ ಅಂದರೆ ಚುಚ್ಚುವುದು. ನಿಮ್ಮ ಸೈಕಲ್ಲಿಗೆ ಆಗುತ್ತದಲ್ಲ, ಅದೇ. ಉದ್ದ, ತೆಳುವು, ತುದಿ ಚೂಪು ಇದ್ದರೆ ಈ ಶಬ್ದ ಸಲ್ಲುತ್ತದೆ. ಹಿಮಾಲಯದ ಪೈನ್ ಮರದ ಎಲೆ ಅಸಿಕ್ಯುಲರ್. ನೀರೀಸ್ ಎಂಬ ಸಮುದ್ರದ ಹುಳುವಿನ ಕಾಲಿನಂಥ ಅಂಗದೊಳಗೆ ಆಸರೆಗೆ ಇರುವ ಗಟ್ಟಿ ಕಡ್ಡಿಯ ಹೆಸರು ಅಸಿಕ್ಯುಲಮ್.

ಈಗ ಕಲ್ಲಿಗೆ ಬರೋಣ. ಸೊಲ್ಲಾಪುರದ ಕರಿಮಣ್ಣಿನ ಕೆಳಗಿರುವುದು ದಖ್ಖನಿನ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಅದು. ಲಾವಾ ಆರುವಾಗ ಒಳಗಿನ ಅನಿಲದ ಗುಳ್ಳೆಗಳು ಪೊಳ್ಳಾಗಿ ಉಳಿದವು. ಮುಂದೆ ಬಿಸಿನೀರು ಕಲ್ಲಿನ ಖನಿಜಗಳನ್ನು ಕರಗಿಸಿಕೊಂಡು ಆ ಪೊಳ್ಳುಗಳಲ್ಲಿ ಇಳಿಯಿತು. ಅಲ್ಲಿ ನಿಧಾನಕ್ಕೆ ಹರಳುಗಟ್ಟಿದ ಒಂದು ಖನಿಜ ಕುಟುಂಬವೇ ಜಿಯೊಲೈಟ್. ಅದರಲ್ಲಿ ನ್ಯಾಟ್ರೊಲೈಟ್, ಮೆಸೊಲೈಟ್, ಸ್ಕೋಲೆಸೈಟ್ ಮೂರೂ ಸೂಜಿಯಾಕಾರವೇ. ಕಣ್ಣಿಂದ ನೋಡಿ ಇದು ಇಂಥದೇ ಅಂತ ಹೇಳೋದು ಕಷ್ಟ. ಅಸಿಕ್ಯುಲರ್ ಅನ್ನೋದು ಆಕಾರದ ಹೆಸರು, ಖನಿಜದ ಹೆಸರಲ್ಲ. ಪರೀಕ್ಷೆಯಲ್ಲಿ ಬಹಳ ಮಂದಿ ಎಡವೋದು ಇಲ್ಲೇ.

ಇನ್ನೊಂದು ಶಬ್ದ ಸ್ಪಿಕ್ಯೂಲ್. ಇದರ ಮೂಲ 'ಸ್ಪೀಕಾ', ಅಂದರೆ ತೆನೆ. ನಮ್ಮ ಮಾಲದಂಡಿ ಜೋಳಕ್ಕೆ ಬರುತ್ತದಲ್ಲ, ಅಂಥ ತೆನೆ. ಆಕಾಶದ ಚಿತ್ತಾ ನಕ್ಷತ್ರಕ್ಕೆ ಪಾಶ್ಚಾತ್ಯರ ಹೆಸರೂ ಸ್ಪೀಕಾ. ರೈತರು ಚಿತ್ತಿ ಮಳಿ ಅಂದಾಗ ಅದೇ ಚುಕ್ಕೆ! ಅದರಿಂದ ಹುಟ್ಟಿದ 'ಸ್ಪಿಕುಲುಮ್' ಅಂದರೆ ಸಣ್ಣ ಚೂಪುಮೊನೆ. ಸ್ಪಂಜು ಪ್ರಾಣಿಯ ಮೈಗೆ ಆಸರೆಯಾದ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟಿನ ಕಡ್ಡಿಗಳು ಸ್ಪಿಕ್ಯೂಲ್‌ಗಳು. ಅವುಗಳಲ್ಲಿ ಮೂರು, ಆರು ಕವಲಿನವೂ ಉಂಟು, ಎಲ್ಲವೂ ಸೂಜಿಯಂತಿರುವುದಿಲ್ಲ. ಸೂರ್ಯನ ಮೇಲೆ ಚಿಮ್ಮುವ ಅನಿಲದ ಬುಗ್ಗೆಗಳಿಗೂ ಇದೇ ಹೆಸರು. ಆ 'ಸೂಜಿ'ಗಳ ದಪ್ಪವೇ 300 ರಿಂದ 500 ಕಿಲೋಮೀಟರ್. ಸೊಲ್ಲಾಪುರದಿಂದ ಪುಣೆ ಸುಮಾರು 250 ಕಿಲೋಮೀಟರ್, ಲೆಕ್ಕ ಹಾಕಿ ನೋಡ್ರಿ.

ರಾಫೈಡ್ ಲ್ಯಾಟಿನ್ ಮೂಲದ್ದಲ್ಲ. ಅದು ಗ್ರೀಕಿನ 'ರಾಫಿಸ್', ಅರ್ಥ ಮಾತ್ರ ಸೂಜಿಯೇ. ಸುವರ್ಣಗಡ್ಡೆ (ಮರಾಠಿಯ ಸುರಣ), ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಕಾರಣ, ಜೀವಕೋಶಗಳೊಳಗೆ ಕಟ್ಟುಕಟ್ಟಾಗಿ ಇರುವ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು. ಕೆಸುವಿನ ದಂಟಿನ ತೆಳು ಸೀಳು ಒಂದು ಹನಿ ನೀರಿನಲ್ಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡ್ರಿ, ಕಾಣತಾವ. ನಾಲಿಗೆಗೆ ಹಚ್ಚಬ್ಯಾಡ್ರಿ. ಕೈ ತೊಳಕೊಳ್ರಿ.

ಹುಡುಗ ಬಿಡಲಿಲ್ಲ. "ಸರ್, ಕುಟ್ಟಿ ಪುಡಿ ಮಾಡಿ ನೋಡೋಣೇನ್ರಿ?" ಬೇಡ ಅಂದೆ. ಜಿಯೊಲೈಟ್ ಕುಟುಂಬದಲ್ಲೇ ಎರಿಯೊನೈಟ್ ಅಂತ ಒಂದಿದೆ. ಗ್ರೀಕಿನ 'ಎರಿಯೊನ್' ಅಂದರೆ ಉಣ್ಣೆ. ನಮ್ಮ ಹುಡುಗ ಹತ್ತಿ ಅಂದ, ಹೆಸರಿಟ್ಟವರು ಉಣ್ಣೆ ಅಂದರು! ಟರ್ಕಿಯ ಕಪ್ಪಡೋಶಿಯಾ ಪ್ರದೇಶದ ಕರಾಯಿನ್ ಎಂಬ ಹಳ್ಳಿಯಲ್ಲಿ ಈ ಖನಿಜವಿರುವ ಕಲ್ಲಿನ ಮನೆಗಳಲ್ಲಿ ಬಾಳಿದ ಬಹಳ ಜನ ಪುಪ್ಪುಸದ ಪೊರೆಯ ಕ್ಯಾನ್ಸರಿನಿಂದ ಸತ್ತರು. ಎಳೆಗಳು ಅತಿ ಸಣ್ಣವು. ಉಸಿರಿನ ಜೊತೆ ಒಳಗೆ ಹೋದರೆ ಹೊರಗೆ ಬರೋದಿಲ್ಲ. ಕಲ್ನಾರು ಮಾಡುವ ಹಾನಿಯೂ ಇದೇ ಬಗೆಯದು. ಎಲ್ಲ ಸೂಜಿ ಖನಿಜಗಳೂ ಹೀಗಲ್ಲ, ಹೆದರಬೇಕಾಗಿಲ್ಲ. ಆದರೆ ನೋಡಿ ಗುರುತಿಸಲಾಗದ್ದನ್ನು ಕುಟ್ಟೋದು, ಊದೋದು ಮಾತ್ರ ಬೇಡ.

ಕಲ್ಲನ್ನು ಹಾಗೇ ಒಂದು ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಬಿಗಿದೆವು. ಚೀಟಿಯನ್ನು ಹುಡುಗನೇ ಬರೆದ: "ಸೂಜಿಯಾಕಾರದ ಜಿಯೊಲೈಟ್ ಇರಬಹುದು. ಯಾವುದು ಅಂತ ಇನ್ನೂ ಪರೀಕ್ಷೆ ಆಗಿಲ್ಲ. ಬಾವಿ, 30 ಅಡಿ ಆಳ."