ಉರಿಮೂತ್ರ: ಉಷ್ಣವೋ, ರೋಗಾಣುವೋ?

ಇತಿಹಾಸ ಓದುವ ನಾನು ಈ ವಿಷಯವನ್ನು ಕುರಿತು ಬರೆಯಹೊರಟಿರುವುದಕ್ಕೆ ಕಾರಣವುಂಟು. ಕಳೆದ ವರ್ಷ ನನಗೆ ಉರಿಮೂತ್ರವಾಯಿತು. ಅಜ್ಜಿ, "ಮೈಗೆ ಉಷ್ಣವಾಗಿದೆ" ಎಂದು ಎಳನೀರು ಕೊಟ್ಟರು. ನಾಚಿಕೆಯಿಂದ ನಾನೂ ಸುಮ್ಮನಿದ್ದೆ. ಐದನೆಯ ದಿನ ಚಳಿಜ್ವರ ಬಂದು ಬೆನ್ನಿನ ಒಂದು ಪಕ್ಕ ನೋಯತೊಡಗಿದ ಮೇಲೆಯೇ ವೈದ್ಯರಲ್ಲಿಗೆ ಹೋದುದು. ಅಲ್ಲಿ ಕೇಳಿದುದನ್ನೂ ಅನಂತರ ಓದಿದುದನ್ನೂ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮೂತ್ರಪಿಂಡಗಳಲ್ಲಿ ಉತ್ಪತ್ತಿಯಾದ ಮೂತ್ರವು ಎರಡು ನಾಳಗಳಲ್ಲಿ ಮೂತ್ರಕೋಶಕ್ಕಿಳಿದು, ಅಲ್ಲಿಂದ ಇನ್ನೊಂದು ನಾಳದ ಮೂಲಕ ಹೊರಬೀಳುತ್ತದೆ. ರೋಗಾಣುಗಳು ಬಹುಮಟ್ಟಿಗೆ ಇದೇ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಹೊರಗಿನ ಈ ನಾಳದ ಉದ್ದ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರು. ಹೆಂಗಸರಲ್ಲಿ ಸುಮಾರು 4. ಹೆಂಗಸರಲ್ಲಿ ಈ ರೋಗ ಹೆಚ್ಚಾಗಿರುವುದಕ್ಕೆ ಇದು ಮುಖ್ಯ ಕಾರಣ. ಇದರಲ್ಲಿ ನಾಚಬೇಕಾದುದು ಏನೂ ಇಲ್ಲ.

ಸೋಂಕು ತಗುಲಿದ ಎಡೆಯನ್ನನುಸರಿಸಿ ಮೂರು ಬಗೆಗಳುಂಟು. ಹೊರನಾಳದಲ್ಲಿದ್ದರೆ ಉರಿ ಕಾಣುತ್ತದೆ. ಮೂತ್ರಕೋಶಕ್ಕೆ ತಗುಲಿದರೆ ಉರಿಯೊಂದಿಗೆ ಪದೇ ಪದೇ ಮೂತ್ರಬಾಧೆ, ಕಿಬ್ಬೊಟ್ಟೆಯ ನೋವು, ಒಮ್ಮೊಮ್ಮೆ ರಕ್ತವೂ ಕಾಣಬಹುದು. ಮೂತ್ರಪಿಂಡಕ್ಕೇರಿದರೆ ಚಳಿಜ್ವರ, ವಾಂತಿ, ಬೆನ್ನುನೋವು ಬರುತ್ತವೆ. ಈ ಮೂರನೆಯದೇ ಅಪಾಯಕರ. ಅಲ್ಲಿಂದ ರೋಗಾಣುಗಳು ರಕ್ತವನ್ನು ಸೇರಬಹುದು. ನನ್ನದು ಇಲ್ಲಿಗೆ ಮುಟ್ಟಿತ್ತು.

ರೋಗಾಣುಗಳಲ್ಲಿ ಮೊದಲನೆಯದು ಇ. ಕೋಲಿ. 1885ರಲ್ಲಿ ಥಿಯೋಡೋರ್ ಎಷರಿಕ್ ಎಂಬ ವೈದ್ಯರು ಇದನ್ನು ವರ್ಣಿಸಿದರು. ಕರುಳಿನಲ್ಲಿ ಸಾಮಾನ್ಯವಾಗಿ ನಿರಪಾಯವಾಗಿರುವ ಈ ಜೀವಿಯು ಮೂತ್ರಕೋಶವನ್ನು ಸೇರಿದರೆ, ಕೂದಲಿನಂಥ ಸೂಕ್ಷ್ಮ ತಂತುಗಳಿಂದ ಒಳಗೋಡೆಗೆ ಅಂಟಿಕೊಂಡು ಬೆಳೆಯುತ್ತದೆ. ಸಾಮಾನ್ಯ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದರಿಂದಲೇ ಆಗುತ್ತವೆ. ಕ್ಲೆಬ್ಸಿಯೆಲ್ಲ, ಎಂಟರೊಕಾಕಸ್ ಮೊದಲಾದುವೂ ಉಂಟು. ತರುಣಿಯರಲ್ಲಿ ಸ್ಟೆಫಿಲೊಕಾಕಸ್ ಸ್ಯಾಪ್ರೊಫಿಟಿಕಸ್ ಕಾಣಬರುತ್ತದೆ. ಪ್ರೋಟಿಯಸ್ ಎಂಬುದು ಯೂರಿಯವನ್ನು ಒಡೆದು ಅಮೋನಿಯ ಮಾಡಿ, ಮೂತ್ರದಲ್ಲಿ ಕಲ್ಲು ಕಟ್ಟಲು ಕಾರಣವಾಗುತ್ತದೆ. ಆಸ್ಪತ್ರೆಯಲ್ಲಿ ಮೂತ್ರದ ಕೊಳವೆ ಹಾಕಿಸಿಕೊಂಡವರಿಗೆ ಸೂಡೊಮೊನಾಸ್ ಹತ್ತುವುದುಂಟು.

ಯಾವ ರೋಗಾಣು, ಅದಕ್ಕೆ ಯಾವ ಔಷಧ ಎಂಬುದು ಮೂತ್ರದ ಕಲ್ಚರ್ ಪರೀಕ್ಷೆಯಿಂದ ತಿಳಿಯುತ್ತದೆ. ಮನೆಯಲ್ಲಿ ಉಳಿದ ಹಳೆಯ ಗುಳಿಗೆಗಳನ್ನು ನುಂಗುವುದು ಸಲ್ಲದು. ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ಇಂಥ ಮನಬಂದ ಬಳಕೆಯೂ ಕಾರಣ.

ಶೌಚಾಲಯಕ್ಕೆ ಹೋಗಲು ಹಿಂಜರಿದು, ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದ ಗೆಳತಿಯರನ್ನು ಬಲ್ಲೆ. ನಾನೂ ಹಾಗೆಯೇ ಇದ್ದೆ. ಮೂತ್ರದ ಹರಿವೇ ರೋಗಾಣುಗಳನ್ನು ಕೊಚ್ಚಿಹಾಕುವ ಸಹಜೋಪಾಯವಾದುದರಿಂದ, ಅದನ್ನು ತಡೆಯುವುದು ರೋಗಕ್ಕೆ ಎಡೆಗೊಟ್ಟಂತೆ. ಅಜ್ಜಿಯ ಎಳನೀರನ್ನೂ ಕುಡಿಯೋಣ. ಆದರೆ ಉರಿ ಕಂಡಾಗ ನಾಚದೆ ಮನೆಯವರಿಗೂ ವೈದ್ಯರಿಗೂ ಹೇಳಬೇಕೆಂಬುದೇ ನನ್ನ ವಿನಂತಿ.